ನೋವಾ ಏರುವ ಹೊತ್ತು

ಐವತ್ತು ದಾಟಿದ ಹೆಂಗಸೊಬ್ಬಳು ಗುಡ್ಡದ ಮೇಲಿನ ವೀಕ್ಷಣಾಲಯದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಬರುವುದನ್ನು ಕಂಡು, ಬಾಗಿಲ ಕಾವಲುಗಾರ ಎಲ್ಲೋ ಬೆಂಕಿ ಬಿದ್ದಿದೆ ಎಂದೇ ತಿಳಿದು ಮರಳಿನ ಬಕೆಟ್ಟಿಗೆ ಕೈ ಹಾಕಿದ. ಬೆಂಕಿ ಬಿದ್ದದ್ದೇನೋ ನಿಜ. ಆದರೆ ಮರಳು ಎರಚಿ ಆರಿಸುವಷ್ಟು ಹತ್ತಿರದಲ್ಲಿರಲಿಲ್ಲ.

ವೀಕ್ಷಣಾಲಯದಲ್ಲಿ ಎಲ್ಲರೂ ಅವಳನ್ನು ನೋವಾ ಮೇಡಂ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೊಸೆಯಾಗಿ ಬಂದಾಗ ಅತ್ತೆ, "ಅದೇನಮ್ಮಾ ನೀನು ಓದೋದು?" ಎಂದು ಕೇಳಿದ್ದರು. "ನೋವಾ, ಅತ್ತೆ," ಎಂದಿದ್ದಳು. "ನನಗೇನು ನೋವಿಲ್ಲಮ್ಮ, ಗಟ್ಟಿಯಾಗೇ ಇದೀನಿ. ಕೇಳಿದ್ದಕ್ಕೆ ಉತ್ತರ ಹೇಳು," ಎಂದಿದ್ದರು ಅತ್ತೆ. ಆಮೇಲೆ ಅವಳು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ನಕ್ಷತ್ರಗಳ ಒಂದು ಜೋಡಿ ಇರುತ್ತದೆ. ಅದರಲ್ಲೊಂದು ಉರಿದು ಮುಗಿದು ಕುಗ್ಗಿಹೋದ ಮುದಿ ನಕ್ಷತ್ರ. ಅದು ಸುಮ್ಮನೆ ಕೂರದೆ ಪಕ್ಕದ ನಕ್ಷತ್ರದಿಂದ ಅನಿಲ ಎಳೆದು ಎಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಪೇರಿಸಿದ್ದು ಮಿತಿಮೀರಿದ ದಿನ ಅದಕ್ಕೆಲ್ಲ ಒಟ್ಟಿಗೆ ಬೆಂಕಿ ಹತ್ತಿ ಸಿಡಿಯುತ್ತದೆ. ಯಾರ ಕಣ್ಣಿಗೂ ಬೀಳದಿದ್ದ ಚುಕ್ಕೆ ನೋಡನೋಡುತ್ತ ಸಾವಿರಾರು ಪಟ್ಟು ಬೆಳಗುತ್ತದೆ. ಅದೇ ನೋವಾ.

"ಪಕ್ಕದ ಮನೆ ವೈರಿಂದ ಕರೆಂಟು ಎಳಕೊಂಡು, ಕೊನೆಗೆ ಫ್ಯೂಸ್ ಹಾರಿಸಿಕೊಂಡ ಹಾಗೆ ಅನ್ನು," ಎಂದಿದ್ದರು ಅತ್ತೆ. ಇಷ್ಟು ವರ್ಷಗಳಲ್ಲಿ ಅವಳಿಂದ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ಯಾವ ಪಾಠದಲ್ಲೂ ಕೊಡಲಾಗಿರಲಿಲ್ಲ.

ಅವಳ ತಲೆ ತಿನ್ನುತ್ತಿದ್ದದ್ದು ವೇಗದ ಪ್ರಶ್ನೆ. ನೋವಾ ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ, ಇಳಿಯುವಾಗ ಎಲ್ಲಿ ತಡವರಿಸುತ್ತದೆ? ಒಂದು ವಾರದೊಳಗೆ ಮಂಕಾಗುವವುಗಳಿವೆ, ವರ್ಷಗಟ್ಟಲೆ ಎಳೆದಾಡುವವುಗಳಿವೆ. ಇಳಿಯುವುದನ್ನು ಯಾರು ಬೇಕಾದರೂ ಬಿಡುವಾಗಿ ಕೂತು ನೋಡಬಹುದು. ಏರುವುದು ಮಾತ್ರ ಯಾರಿಗೂ ಕಾಯುವುದಿಲ್ಲ. ಸುದ್ದಿ ಮುಟ್ಟಿ, ದೂರದರ್ಶಕ ತಿರುಗಿಸುವ ಹೊತ್ತಿಗೆ ಸಾಮಾನ್ಯವಾಗಿ ಶಿಖರ ಮುಟ್ಟಿ ಇಳಿಜಾರು ಹಿಡಿದಿರುತ್ತದೆ. ಏರುತ್ತಿರುವಾಗಲೇ ಅದರ ಬೆಳಕನ್ನು ಬಣ್ಣಬಣ್ಣವಾಗಿ ಸೀಳಿ ರೋಹಿತ ತೆಗೆದವರು ಬೆರಳೆಣಿಕೆಯ ಮಂದಿ. ಅವಳ ಇಡೀ ವೃತ್ತಿಯಲ್ಲಿ ಅಂಥ ಅವಕಾಶ ಒಮ್ಮೆಯೂ ಸಿಕ್ಕಿರಲಿಲ್ಲ.

ಆ ಮಧ್ಯಾಹ್ನ ಸಿಕ್ಕಿತ್ತು. ದೂರದ ದೇಶದ ಹವ್ಯಾಸಿಯೊಬ್ಬ ಹೊಸ ಚುಕ್ಕೆ ಕಂಡಿದ್ದ. ಅವನ ನಂತರ ಕತ್ತಲಾದ ಊರುಗಳಿಂದ ಒಂದೊಂದೇ ಅಳತೆ ಬರುತ್ತಿತ್ತು, ಪ್ರತಿಯೊಂದೂ ಹಿಂದಿನದಕ್ಕಿಂತ ಪ್ರಕಾಶಮಾನ. ಅಂದರೆ ಇನ್ನೂ ಏರುತ್ತಿದೆ. ಅದು ಇದ್ದದ್ದು ಪಶ್ಚಿಮದಲ್ಲಿ, ತೀರಾ ಕೆಳಗೆ. ಸೂರ್ಯ ಮುಳುಗಿದ ಮೇಲೆ ಒಂದಿಷ್ಟು ಹೊತ್ತು ಸಿಕ್ಕಿ ತಾನೂ ಮುಳುಗಿಬಿಡುವಂಥದ್ದು. ಜೊತೆಗೆ ಮೋಡ ಬರುವ ಮುನ್ಸೂಚನೆ ಬೇರೆ.

ಅವಳು ಓಡೋಡಿ ಬಂದು ಗುಮ್ಮಟದೊಳಗೆ ನಿಂತಾಗ ಇಬ್ಬರು ತಂತ್ರಜ್ಞರು ದೂರದರ್ಶಕದ ಬುಡದಿಂದ ರೋಹಿತ ತೆಗೆಯುವ ಸ್ಪೆಕ್ಟ್ರೋಗ್ರಾಫ್ ಬಿಚ್ಚಲು ಸ್ಪ್ಯಾನರ್ ಹಿಡಿದಿದ್ದರು.

"ಏನಿದು?"

"ಸಂಜೆ ಅತಿಥಿಗಳು ಬರ್ತಾರೆ ಮೇಡಂ. ಚಂದ್ರನ್ನ ತೋರಿಸಬೇಕಂತೆ. ಕಣ್ಣಿಟ್ಟು ನೋಡೋ ಮಸೂರ ಹಾಕಿ ಅಂತ ನಿರ್ದೇಶಕರ ಆರ್ಡರು."

ಅವಳು ಅಲ್ಲಿಂದಲೇ ನಿರ್ದೇಶಕರಿಗೆ ಫೋನು ಮಾಡಿದಳು. ಅವರು ಕೆಟ್ಟ ಮನುಷ್ಯರೇನಲ್ಲ. ಒಂದು ಕಾಲಕ್ಕೆ ಒಳ್ಳೆಯ ವಿಜ್ಞಾನಿಯೇ ಆಗಿದ್ದರು. ಈಗ ದೊಡ್ಡವರನ್ನು ನಗಿಸುತ್ತ, ಕಟ್ಟಡಗಳನ್ನು ಕಟ್ಟಿಸುತ್ತ ಕಾಲ ಕಳೆಯುತ್ತಿದ್ದರು.

"ನಾಳೆ ನೋಡಿದರಾಯ್ತಲ್ಲ? ನಕ್ಷತ್ರ ಎಲ್ಲಿಗೆ ಓಡಿಹೋಗುತ್ತೆ?" ಎಂದರು.

"ಓಡಿಹೋಗೋದೇ ಇದರ ಕೆಲಸ ಸಾರ್. ನಾಳೆ ಇದು ಇವತ್ತಿನದಾಗಿರಲ್ಲ. ಚಂದ್ರ ಆದರೆ ಮುಂದಿನ ತಿಂಗಳೂ ಇರ್ತಾನೆ, ಎಲ್ಲೂ ಹೋಗಲ್ಲ. ಮೊದಲು ನಾನು ಮುಗಿಸ್ಕೊಳ್ತೀನಿ, ಆಮೇಲೆ ಅವರು ನೋಡಲಿ."

"ಆಮೇಲೆ ಮಸೂರ ಜೋಡಿಸೋ ಹೊತ್ತಿಗೆ ಅವರು ಊಟಕ್ಕೆ ಎದ್ದಿರ್ತಾರೆ. ದಯವಿಟ್ಟು ರಗಳೆ ಮಾಡಬೇಡಿ. ಅನುಮತಿ ಇಲ್ಲ." ಫೋನು ಇಟ್ಟರು.

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ ತಂತ್ರಜ್ಞರ ಕಡೆ ತಿರುಗಿ, "ಸ್ಪ್ಯಾನರ್ ಕೆಳಗಿಡ್ರಪ್ಪ. ನೀವಿಬ್ಬರೂ ಹೋಗಿ ಟೀ ಕುಡೀರಿ. ಯಾರಾದರೂ ಕೇಳಿದರೆ ನಾನೇ ಅಟ್ಟಿದೆ ಅನ್ನಿ," ಎಂದಳು. ಅವಳ ಮುಖ ನೋಡಿ ಅವರು ಸ್ಪ್ಯಾನರನ್ನು ನೆಲಕ್ಕೆ ಬಿಟ್ಟರು. ಅವರು ಹೊರಬಿದ್ದದ್ದೇ ತಡ, ಒಳಗಿನಿಂದ ಅಗುಳಿ ಎಳೆದಳು.

ಗುಮ್ಮಟದಲ್ಲಿ ಉಳಿದಿದ್ದವರು ಆಪರೇಟರ್ ಒಬ್ಬರೇ. ದೂರದರ್ಶಕ ನಡೆಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಯಾರು ಏನೇ ಹೇಳಲಿ, ಮೊದಲು "ಸಾವಧಾನ, ಸಾವಧಾನ" ಎನ್ನುತ್ತಿದ್ದರಿಂದ ಅವರಿಗೆ ಸಾವಧಾನಪ್ಪ ಎಂದೇ ಹೆಸರಾಗಿತ್ತು. ನಿವೃತ್ತಿ ಹತ್ತಿರದಲ್ಲಿತ್ತು.

"ಮೇಡಂ, ನೀವು ಹೇಳೋ ಜಾಗ ತೀರಾ ಕೆಳಗಿದೆ," ಎಂದರು. "ಅಷ್ಟು ಬಾಗಿಸೋಕೆ ಮಿತಿ ಸ್ವಿಚ್ಚು ಬಿಡಲ್ಲ. ಅದನ್ನ ತಪ್ಪಿಸೋ ಕೀಲಿ ನಿರ್ದೇಶಕರ ಅಪ್ಪಣೆ ಇಲ್ಲದೆ ಮುಟ್ಟೋ ಹಾಗಿಲ್ಲ."

"ಬಾಗಿಸಿದರೆ ದೂರದರ್ಶಕದ ಕನ್ನಡಿಗೆ ಅಪಾಯ ಇದೆಯಾ? ನಿಜ ಹೇಳಿ."

ಅವರು ಗಲ್ಲ ಕೆರೆದುಕೊಂಡರು. "ನಿಧಾನಕ್ಕೆ ಇಳಿಸಿದರೆ ಇಲ್ಲ. ಅವಸರ ಮಾಡಿದರೆ ಇದೆ."

"ಹಾಗಾದರೆ ಕುರ್ಚಿ ಬಿಟ್ಟೇಳಿ, ನಾನೇ ಇಳಿಸ್ತೀನಿ. ನಿಮ್ಮ ಮೇಲೆ ಏನೂ ಬರಬಾರದು."

ಸಾವಧಾನಪ್ಪ ಅಲುಗಲಿಲ್ಲ. ಸ್ಪ್ಯಾನರ್ ಬಿದ್ದಿದ್ದ ನೆಲವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಕೀಲಿ ನೀವು ತಿರುಗಿಸಿ. ಇಳಿಸೋದು ನಾನೇ. ನಿಮ್ಮ ಈ ಅವಸರದ ಕೈಗೆ ಕೊಟ್ಟರೆ ಕನ್ನಡಿ ಉಳಿದ ಹಾಗೇ!"

ಅವಳು ಕೀಲಿ ತಿರುಗಿಸಿದಳು. ಗುಮ್ಮಟದ ಸೀಳು ಪಶ್ಚಿಮಕ್ಕೆ ತೆರೆದುಕೊಂಡಿತು. ಆಕಾಶ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಅಂಚಿನಲ್ಲಿ ಕಿತ್ತಳೆಯ ಗೆರೆಯೊಂದು ಉಳಿದಿತ್ತು. ದೂರದರ್ಶಕ ಮುದುಕನಂತೆ ನರಳುತ್ತ ಬಾಗಿತು. ಪರದೆಯ ಮೇಲೆ, ಮಬ್ಬಿನ ನಡುವೆ, ನಕ್ಷೆಯಲ್ಲಿ ಏನೂ ಇರಬಾರದ ಜಾಗದಲ್ಲಿ, ಹೊಳೆಯುವ ಚುಕ್ಕೆ ಬಂದು ಕೂತಿತು.

"ಇದೇ, ಇದೇ," ಎಂದಳು. ಅವಳ ಸ್ವರ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

ಮೊದಲ ರೋಹಿತ ಬರುವ ಹೊತ್ತಿಗೆ ಬಾಗಿಲು ಬಡಿಯುವ ಸದ್ದು ಶುರುವಾಯಿತು. ಮೊದಲು ಮರ್ಯಾದೆಯಿಂದ. ಆಮೇಲೆ ಅಂಗೈಯಿಂದ. ಆಮೇಲೆ ನಿರ್ದೇಶಕರ ದನಿ: "ಬಾಗಿಲು ತೆಗೀರಿ! ಇದೇನು ನಿಮ್ಮ ಮನೆ ಸ್ನಾನದ ಕೋಣೆಯಾ?"

"ಸ್ವಲ್ಪ ಹೊತ್ತು ಸಾರ್!" ಎಂದು ಅವಳು ಒಳಗಿಂದ ಕೂಗಿದಳು. "ಚಳಿ ಇದೆ, ಅತಿಥಿಗಳನ್ನ ಕೆಳಗೆ ಕೂರಿಸಿ!"

ಸಾವಧಾನಪ್ಪ ಹಣೆ ಒರೆಸಿಕೊಂಡರು. "ಇಂಥ ಮಾತನ್ನ ನಾನು ಹೇಳಿದ್ದಿದ್ದರೆ ಇಷ್ಟೊತ್ತಿಗೆ ಗುಡ್ಡದಿಂದ ಉರುಳಿಸಿರ್ತಿದ್ದರು."

ಆದರೂ ಅವರ ಕೈ ಗುಂಡಿಯ ಮೇಲಿಂದ ಕದಲಲಿಲ್ಲ. ಚುಕ್ಕೆ ಕೆಳಗಿಳಿದಂತೆ ಇವರೂ ಕೂದಲೆಳೆಯಷ್ಟೇ ಇಳಿಸುತ್ತ ಹೋದರು. ಅವಳು ಒಂದರ ಹಿಂದೊಂದು ರೋಹಿತ ತೆಗೆದಳು. ಅಳತೆ ತಾಳೆ ನೋಡಲು ನಡುನಡುವೆ ಪರಿಚಿತ ನಕ್ಷತ್ರವೊಂದರದ್ದನ್ನೂ ತೆಗೆದಳು. ಪರದೆಯ ಮೇಲೆ ಕಬ್ಬಿಣದ ಗೆರೆಗಳು ಒತ್ತಾಗಿ ಎದ್ದಿದ್ದವು. ಅನಿಲ ಅವಳು ಅಂದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ನುಗ್ಗುತ್ತಿತ್ತು. ಕೊನೆಯದು ಮುಗಿಯುವಾಗ ನೋವಾ ಗುಡ್ಡಗಳ ಸಾಲಿಗೆ ತಾಗಿತ್ತು.

ಅವಳು ಅಗುಳಿ ತೆಗೆದಾಗ ಹೊರಗೆ ನಿರ್ದೇಶಕರೊಬ್ಬರೇ ಮುಖ ಊದಿಸಿಕೊಂಡು ನಿಂತಿದ್ದರು. ಅವರ ಹಿಂದೆ ಚಂದ್ರ ಇರಬೇಕಾದ ಕಡೆ ದಟ್ಟ ಮೋಡ. ಅತಿಥಿಗಳು ಆಗಲೇ ಕಾರು ಹತ್ತಿದ್ದರು.

"ನೀವು ಮಾಡಿದ್ದು ಏನು ಅಂತ ಗೊತ್ತಿದೆಯಾ?"

"ಗೊತ್ತಿದೆ ಸಾರ್. ಬೆಳಗ್ಗೆ ನಿಮಗೂ ತೋರಿಸ್ತೀನಿ."

ಬೆಳಗ್ಗೆ ನಿರ್ದೇಶಕರಿಗೆ ರೋಹಿತ ನೋಡುವ ಮನಸ್ಸಿರಲಿಲ್ಲ. ಅವರು ವಿಚಾರಣೆಗೆ ಸಮಿತಿ ಮಾಡಿದ್ದರು.

ವಿಷಯ ತಿಳಿದು ಅವಳ ಗಂಡ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಯಾರ ಜೊತೆಗೂ ಜಗಳ ಗೊತ್ತಿಲ್ಲದವನು. ಗಿರಾಕಿ ತನ್ನ ಕೈಯಾರೆ ಮುರಿದುಕೊಂಡು ಬಂದ ಚೌಕಟ್ಟಿಗೂ ತಾನೇ ಕ್ಷಮೆ ಕೇಳುವಂಥವನು.

"ಒಂದೇ ಒಂದು ಸಾಲು ಬರೆದುಕೊಡೆ," ಎಂದ. "ತಪ್ಪಾಯ್ತು ಅಂದರೆ ನಿನ್ನ ಗಂಟೇನು ಹೋಗುತ್ತೆ? ಕೆಲಸ ಉಳಿಯುತ್ತೆ."

"ತಪ್ಪಾಗಿಲ್ಲವಲ್ಲ."

"ಆಗದೇ ಇದ್ದರೂ ಹೇಳಬಹುದು. ನಾನು ದಿನಾ ಹೇಳಲ್ವಾ?"

ಪಕ್ಕದಲ್ಲಿ ಹೆಣಿಗೆ ಹಾಕುತ್ತ ಕೂತಿದ್ದ ಅತ್ತೆ ತಲೆಯೆತ್ತಿದರು. ಅವರು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ದುಡಿದು ನಿವೃತ್ತರಾದವರು. "ಲೋ, ನೀನು ಸುಮ್ಮನಿರು. ನಾನು ಎಷ್ಟು ತಪ್ಪೊಪ್ಪಿಗೆ ಟೈಪು ಮಾಡಿಲ್ಲ! ಒಳ್ಳೆ ಮಾತಲ್ಲಿ ಬರೆದುಕೊಡಿ, ಬಿಟ್ಟುಬಿಡ್ತೀವಿ ಅಂತಾರೆ. ಬರೆದುಕೊಟ್ಟ ಮೇಲೆ ಅದನ್ನೇ ಹಿಡಕೊಂಡು ಕುಣಿಸ್ತಾರೆ." ಆಮೇಲೆ ಸೊಸೆಯ ಕಡೆ ತಿರುಗಿ, "ಕೇಳಿದ್ದಕ್ಕೆ ನಿಜ ಹೇಳು. ಕೇಳದೆ ಇದ್ದದ್ದನ್ನ ಹೇಳಬೇಡ," ಎಂದು ಮತ್ತೆ ಹೆಣಿಗೆಗೆ ಬಗ್ಗಿದರು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಹೂಜಿ. ನಿರ್ದೇಶಕರ ಎಡಬಲಕ್ಕೆ ಇಬ್ಬರು ಹಿರಿಯ ವಿಜ್ಞಾನಿಗಳು, ಇಬ್ಬರೂ ಅವಳ ಕಣ್ಣು ತಪ್ಪಿಸುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಸಾವಧಾನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಸರದಿ ಕಾಯುತ್ತಿದ್ದರು.

ನಿರ್ದೇಶಕರ ಮಾತು ಅಂದು ಬೆಣ್ಣೆಯಂತಿತ್ತು. "ನೋಡಿ, ನಿಮ್ಮಂಥವರ ಮೇಲೆ ಕ್ರಮ ತಗೊಳ್ಳೋಕೆ ನಮಗೇನು ಖುಷಿಯಾ? ಮಿತಿ ಮೀರಿ ದೂರದರ್ಶಕ ಬಾಗಿಸಿದ್ದು ದೊಡ್ಡ ವಿಷಯ. ಅದು ಆಪರೇಟರ್ ಕೈತಪ್ಪಿ ಆಗಿರಬಹುದು. ವಯಸ್ಸಾಯ್ತು ಪಾಪ. ಬಾಗಿಲೂ ತಾನಾಗೇ ಸಿಕ್ಕಿಕೊಂಡಿರಬಹುದು. ಹಾಗೇನಾದರೂ ಇದ್ದರೆ ಹೇಳಿ, ಇವತ್ತೇ ಮುಗಿಸಿಬಿಡೋಣ."

ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿದುಹೋಯಿತು. ಈ ಕೋಣೆಗೆ ಬರುವಾಗ ಅವಳೊಳಗೆ ಸ್ವಲ್ಪ ಅಳುಕಿತ್ತು. ಅಂಗಡಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ ಗಂಡ ನೆನಪಾಗುತ್ತಿದ್ದ. ಆ ಅಳುಕು ಈಗ ಎಲ್ಲಿ ಹೋಯಿತೋ!

"ಅವರ ತಲೆ ಮೇಲೆ ಗೂಬೆ ಕೂರಿಸಬೇಡಿ ಸಾರ್," ಎಂದಳು. "ಕೀಲಿ ತಿರುಗಿಸಿದ್ದು ಈ ಕೈ. ಅಗುಳಿ ಹಾಕಿದ್ದು ಇದೇ ಕೈ. ಅವರು ಆ ಕುರ್ಚೀಲಿ ಕೂತಿದ್ದರಿಂದ ನಿಮ್ಮ ಕನ್ನಡಿ ಇವತ್ತು ಇಡಿಯಾಗಿದೆ. ಅವರ ಹೆಸರಿಗೆ ಒಂದು ಚುಕ್ಕೆ ಮಸಿ ಬಿದ್ದರೂ, ಅತಿಥಿಗಳಿಗೋಸ್ಕರ ಏನು ನಿಲ್ಲಿಸೋಕೆ ಹೇಳಿದಿರಿ ಅನ್ನೋದನ್ನ ನಾನು ಊರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ."

"ಅಂದರೆ ನಿಮಗೆ ಪಶ್ಚಾತ್ತಾಪವೇ ಇಲ್ಲ?"

"ಒಂದಿದೆ. ಇನ್ನೂ ಸ್ವಲ್ಪ ಮುಂಚೆ ಶುರು ಮಾಡಬೇಕಿತ್ತು."

ಬಲಗಡೆಯ ಹಿರಿಯರಿಗೆ ಕೆಮ್ಮು ಬಂತು. ಅದು ನಗುವೇ ಇರಬಹುದು.

ವಿಷಾದ ಸೂಚಿಸಿ ಬರೆದುಕೊಡುವಂತೆ ಮತ್ತೆರಡು ಬಾರಿ ಕೇಳಿದರು. ಅವಳು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಕೊನೆಗೆ ತೀರ್ಮಾನವಾಯಿತು: ಆಪರೇಟರಿಗೆ ಬಾಯಿಮಾತಿನ ಎಚ್ಚರಿಕೆ, ಅಷ್ಟೇ. ಅವಳಿಗೆ ಒಂದು ವರ್ಷ ದೊಡ್ಡ ದೂರದರ್ಶಕದ ಹತ್ತಿರ ಸುಳಿಯುವಂತಿಲ್ಲ.

ಹೊರಗೆ ಬಂದಾಗ ಸಾವಧಾನಪ್ಪ ಎದ್ದು ನಿಂತರು. "ನನ್ನ ಹೆಸರು ಎತ್ತಿದರಾ ಮೇಡಂ?"

"ಎತ್ತಿದರು. ಇಳಿಸಿಬಿಟ್ಟೆ."

ಅವರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಕಾರಿಡಾರಿನುದ್ದಕ್ಕೂ ಹಾಗೇ ನಡೆದುಹೋದರು.

ಬಾಗಿಲು ಮುಚ್ಚಿದರೆಂದು ನೋವಾ ನಿಲ್ಲುವುದಿಲ್ಲವಲ್ಲ. ಅದು ಶಿಖರ ಮುಟ್ಟಿ ಇಳಿಯತೊಡಗಿತ್ತು. ಅವಳು ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ತನ್ನದೇ ಸಣ್ಣ ದೂರದರ್ಶಕ ಹೂಡಿ ಕ್ಯಾಮೆರಾ ಕಟ್ಟಿದಳು. ರೋಹಿತ ಸಿಗದಿದ್ದರೂ ಪ್ರಕಾಶ ಅಳೆಯಬಹುದು. ಬೀದಿ ದೀಪ ಕಣ್ಣು ಕುಕ್ಕುತ್ತಿತ್ತು. ಮೊದಲ ಸಂಜೆಯೇ ಗಂಡ ಏದುಸಿರು ಬಿಡುತ್ತ ಮೇಲೆ ಬಂದ. ಅಂಗಡಿಯ ಕಣ್ಣು ಪರೀಕ್ಷೆಯ ಕೋಣೆಯ ಕಪ್ಪು ಪರದೆಯನ್ನೇ ಬಿಚ್ಚಿ ತಂದಿದ್ದ. ಬೀದಿ ದೀಪಕ್ಕೆ ಅಡ್ಡವಾಗಿ ಅದನ್ನು ಎರಡು ಕಂಬಕ್ಕೆ ಕಟ್ಟಿದ.

"ನಾಳೆ ಗಿರಾಕಿಗಳ ಕಣ್ಣು ಹೇಗೆ ನೋಡ್ತೀರಿ?" ಎಂದಳು.

"ತಪ್ಪಾಯ್ತು, ನಾಡಿದ್ದು ಬನ್ನಿ ಅಂತೀನಿ. ನನಗೇನು ಹೊಸದಾ?"

ಆಕಾಶ ತಿಳಿಯಾಗಿದ್ದ ಪ್ರತಿ ಸಂಜೆ ಅವಳು ಅಳೆದಳು. ನೋವಾ ಒಂದೇ ಸಮ ಇಳಿಯಲಿಲ್ಲ. ಸ್ವಲ್ಪ ಇಳಿದು, ನಿಂತು, ಮತ್ತೆ ಸ್ವಲ್ಪ ಏರಿ ಇಳಿಯುತ್ತಿತ್ತು. ದಿನದಿಂದ ದಿನಕ್ಕೆ ಸಂಜೆಗೆಂಪಿನೊಳಕ್ಕೆ ಜಾರುತ್ತ ಕೊನೆಗೆ ಸೂರ್ಯನ ಹಿಂದೆ ಮರೆಯಾಯಿತು. ಮುಂಜಾವಿನ ಆಕಾಶದಲ್ಲಿ ಮತ್ತೆ ಕಾಣಿಸುವವರೆಗೆ ಕಾಯುವುದೊಂದೇ ಉಳಿದ ದಾರಿ. ಆ ಬಿಡುವಿನಲ್ಲಿ ಅವಳು ಮೊದಲ ಸಂಜೆಯ ರೋಹಿತಗಳನ್ನು ಕೂತು ಓದಿದಳು. ನಿಧಾನವಾದ, ದಟ್ಟವಾದ ಅನಿಲ. ಅದು ಹರಡಿ ತಣ್ಣಗಾದಾಗ ಧೂಳಾಗಿ ಹೆಪ್ಪುಗಟ್ಟುತ್ತದೆ ಎಂದು ಅವಳಿಗೆ ಅನ್ನಿಸಿತು. ಹಾಗೆಂದು ಮುಂಚಿತವಾಗಿಯೇ ನೋವಾ ಗಮನಿಸುವವರಿಗೆಲ್ಲ ಬರೆದು ಕಳಿಸಿದಳು.

ಮತ್ತೆ ಕಾಣಿಸಿಕೊಂಡಾಗ ನೋವಾ ಎಲ್ಲರೂ ಲೆಕ್ಕ ಹಾಕಿದ್ದಕ್ಕಿಂತ ಬಹಳ ಮಂಕಾಗಿತ್ತು. ಅವಳ ಸಣ್ಣ ದೂರದರ್ಶಕಕ್ಕಂತೂ ಸಿಗಲೇ ಇಲ್ಲ. ವಾರದ ಸಭೆಯಲ್ಲಿ ನಿರ್ದೇಶಕರು ಎಲ್ಲರೆದುರು ನಕ್ಕರು. "ಇಷ್ಟು ಬೇಗ ಆರಿಹೋಗೋ ದೀಪಕ್ಕೆ ಅಷ್ಟೊಂದು ರಂಪ ಬೇಕಿತ್ತಾ ಮೇಡಂ?"

"ಆರಿಲ್ಲ ಸಾರ್. ಹೊದ್ದುಕೊಂಡಿದೆ."

ಸಭೆಯಲ್ಲಿ ಒಂದಿಬ್ಬರು ನಕ್ಕರು. ಅವಳು ಕೂರಲಿಲ್ಲ. "ನಗಿ, ತೊಂದರೆ ಇಲ್ಲ. ಧೂಳು ಮುಚ್ಚಿದ್ದರೆ ಒಳಗಿನ ಬೆಳಕು ಶಾಖವಾಗಿ ಹೊರಗೆ ಬರಲೇಬೇಕು. ಶಾಖ ಕಾಣೋ ಕ್ಯಾಮೆರಾ ನಮ್ಮಲ್ಲಿಲ್ಲ, ಇರೋರ ಹತ್ತಿರ ಕೇಳಿದೀನಿ. ನಾನು ತಪ್ಪಾಗಿದ್ದರೆ ಇದೇ ಕೋಣೇಲಿ ಬಂದು ಹೇಳ್ತೀನಿ."

ಕೇಳಿದ್ದು ಹಳೆಯ ಸಹಪಾಠಿಯನ್ನು. ಸಮುದ್ರದಾಚೆಯ ವೀಕ್ಷಣಾಲಯವೊಂದರಲ್ಲಿ ಆ ಗೆಳತಿ ಶಾಖ ಕಾಣುವ ಅವಕೆಂಪು ಕ್ಯಾಮೆರಾ ನೋಡಿಕೊಳ್ಳುತ್ತಿದ್ದಳು. ಕಾಲೇಜಿನಲ್ಲಿ ಇವಳ ಊಟದ ಡಬ್ಬಿ ಕದ್ದು ತಿನ್ನುತ್ತಿದ್ದವಳು. ಉತ್ತರ ಬರುವವರೆಗೆ ಇವಳು ಗಳಿಗೆಗೊಮ್ಮೆ ಫೋನು ನೋಡುತ್ತಿದ್ದಳು. ಅಷ್ಟು ಜನರೆದುರು ಆಡಿದ ಮಾತು. ಸುಳ್ಳಾದರೆ? ಸುಳ್ಳಾದರೆ ಹೋಗಿ ಹೇಳುವುದು, ಅಷ್ಟೇ ತಾನೇ, ಎಂದು ತನಗೆ ತಾನೇ ಗದರಿಕೊಂಡಳು.

ಬೆಳಗಿನ ತಿಂಡಿಯ ಹೊತ್ತಿಗೆ ಫೋನು ಬಂತು. ಹಲೋ ಇಲ್ಲ, ಏನಿಲ್ಲ. "ಏ ಹುಡುಗಿ! ಕೆಂಡ ಕಣೇ, ಕೆಂಡ! ಕಣ್ಣಿಗೆ ಏನೂ ಇಲ್ಲ, ನನ್ನ ಕ್ಯಾಮೆರಾದಲ್ಲಿ ಧಗಧಗ ಅಂತಿದೆ!"

ಅವಳು ಫೋನು ಹಿಡಿದೇ ಕುರ್ಚಿಗೆ ಕುಸಿದಳು. ಗಂಡ ಗಾಬರಿಯಾಗಿ ನೀರು ತಂದ. ಅತ್ತೆ ಮಾತ್ರ ಅವಳ ಮುಖವನ್ನೇ ನೋಡಿ, "ನೀರು ಬೇಡ ಕಣೋ, ಅದು ಒಳ್ಳೇ ಸುದ್ದಿ," ಎಂದರು.

ಮುಂದಿನ ತಿಂಗಳುಗಳಲ್ಲಿ ಧೂಳು ಚದುರಿತು. ನೋವಾ ಮೆಲ್ಲನೆ ಮತ್ತೆ ಬೆಳಗಿ, ಸಂಜೆಯ ಆಕಾಶಕ್ಕೆ ಮರಳಿ ಅವಳ ತಾರಸಿಯ ದೂರದರ್ಶಕಕ್ಕೂ ಸಿಕ್ಕು, ಆಮೇಲೆ ತನ್ನ ಪಾಡಿಗೆ ತಾನು ಇಳಿಜಾರು ಹಿಡಿಯಿತು. ಏರುವ ಹೊತ್ತಿನ ರೋಹಿತದಿಂದ ಧೂಳಿನವರೆಗೆ ಇಡೀ ಕಥೆ ಒಂದೇ ಪ್ರಬಂಧವಾಗಿ ಸಿದ್ಧವಾಯಿತು. ಸಾವಧಾನಪ್ಪನವರ ಹೆಸರನ್ನೂ ಸೇರಿಸುತ್ತೇನೆ ಎಂದಾಗ ಅವರು ಎರಡೂ ಕೈ ಅಡ್ಡ ಹಿಡಿದರು. "ಸಾವಧಾನ ಮೇಡಂ, ಸಾವಧಾನ! ಪೆನ್ಶನ್ ಕೈಗೆ ಬರೋವರೆಗೆ ನನ್ನ ಹೆಸರು ಎಲ್ಲೂ ಅಚ್ಚಾಗಬಾರದು. ಆಮೇಲೆ ಬೇಕಾದರೆ ಬೋರ್ಡು ಬರೆಸಿ ತೂಗುಹಾಕಿ."

ಪ್ರಬಂಧ ಅಂಗೀಕಾರವಾದ ಸುದ್ದಿ ಹಬ್ಬಿದ ವಾರವೇ ನಿರ್ದೇಶಕರು ಅವಳನ್ನು ಕರೆಸಿದರು. ಕುರ್ಚಿ ಎಳೆದು ಕೂರಿಸಿದರು. ಸಂಸ್ಥೆಗೆ ಕೀರ್ತಿ, ತಮಗೆ ಮೊದಲಿನಿಂದಲೂ ನಂಬಿಕೆ ಇತ್ತು, ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳೋಣ ಎಂದೆಲ್ಲ ಹೇಳಿದರು. ಆಮೇಲೆ ಪೇಪರ್‌ವೇಟನ್ನು ತಿರುಗಿಸುತ್ತ, "ಸಂಸ್ಥೆಯ ಮುಖ್ಯಸ್ಥನಾಗಿ ಲೇಖಕರ ಸಾಲಲ್ಲಿ ನನ್ನ ಹೆಸರೂ ಇದ್ದರೆ ಚೆನ್ನ. ಇನ್ನೂ ಸೇರಿಸಬಹುದಲ್ವಾ? ನಿಮ್ಮ ನಿಷೇಧವನ್ನ ಈ ಸಂಜೆಯೇ ತೆಗೆದುಬಿಡ್ತೀನಿ," ಎಂದರು.

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಅವಳಿಗೂ ಆಶ್ಚರ್ಯ.

"ಸಾರ್, ಆ ಸಂಜೆ ನೀವು ಎಲ್ಲಿದ್ದಿರಿ?"

"ಎಲ್ಲಿ ಅಂದರೆ?"

"ಬಾಗಿಲ ಹೊರಗಿದ್ದಿರಿ. ಕೆಲಸ ನಡೆದದ್ದು ಒಳಗೆ. ಹೊರಗಿದ್ದು ಬಡಿದವರ ಹೆಸರು ಹಾಕೋ ಪದ್ಧತಿ ಇಲ್ಲ."

ನಿರ್ದೇಶಕರ ಮುಖ ಕೆಂಪಾಯಿತು. "ಇನ್ನೂ ತಿಂಗಳುಗಟ್ಟಲೆ ನಿಷೇಧ ಬಾಕಿ ಇದೆ. ಯೋಚನೆ ಮಾಡಿ. ಮತ್ತೊಂದು ನೋವಾ ಬಂದರೆ ಏನು ಮಾಡ್ತೀರಿ?"

"ನನ್ನ ತಾರಸಿ ಇದೆ, ಸಹಪಾಠಿಯ ಕ್ಯಾಮೆರಾ ಇದೆ. ನಿಷೇಧ ಮುಗಿದ ಮೇಲೆ ಬಂದರೆ ಇಲ್ಲಿಗೇ ಬರ್ತೀನಿ. ಅನುಮತಿ ಕೇಳ್ತೀನಿ. ಕೊಡದೆ ಇದ್ದರೆ ಅಗುಳಿ ಹಾಕ್ಕೊಳ್ತೀನಿ."

"ಅಂದರೆ ನೀವು ಬದಲಾಗಲ್ಲ."

"ಇಲ್ಲ ಸಾರ್," ಎಂದು ಅವಳು ಎದ್ದಳು. ಬಾಗಿಲವರೆಗೆ ಹೋಗಿ, ತಿರುಗಿ, "ಅತಿಥಿಗಳನ್ನ ಇನ್ನೊಮ್ಮೆ ಕರೀರಿ. ಚಂದ್ರನ್ನ ನಾನೇ ನಿಂತು ತೋರಿಸ್ತೀನಿ. ನೋವಾ ಇಲ್ಲದ ದಿನ," ಎಂದಳು. ಅದು ಅಣಕವಾಗಿರಲಿಲ್ಲ, ನಿಜವಾಗಿಯೇ ಹೇಳಿದ್ದಳು.

ಗುಡ್ಡದ ಬುಡದಲ್ಲಿ ಗಂಡ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವಳು ಬಾಗಿಲು ತೆಗೆಯುವ ಮುಂಚೆಯೇ, "ಏನಾದರೂ ಬರೆದುಕೊಟ್ಟೆಯಾ?" ಎಂದ.

"ಇಲ್ಲ."

ಅವನು ಉಸಿರು ಬಿಟ್ಟು ಗೇರು ಹಾಕಿದ. "ಸದ್ಯ. ಅಮ್ಮ ಒಳಗೇ ಸೇರಿಸ್ತಿರಲಿಲ್ಲ."

ಅವಳು ಕಿಟಕಿಯ ಗಾಜು ಇಳಿಸಿ, ಮೋಡವಿಲ್ಲದ ಆಕಾಶವನ್ನು ನೋಡುತ್ತ, "ಬೇಗ ಓಡಿಸಿ," ಎಂದಳು. "ಕತ್ತಲಾಗೋಕೆ ಮುಂಚೆ ತಾರಸೀಲಿ ಪರದೆ ಕಟ್ಟಬೇಕು."